ಮಗಳಿಗೊಂದು ಪತ್ರ: ಟೇಪಿನಲ್ಲಿ ಕಳೆದುಹೋದ ಐದು ಸೆಕೆಂಡ್

ಪ್ರೀತಿಯ ಪುಟ್ಟಿ,

ಈ ಪತ್ರದ ಜೊತೆ ಒಂದು ಚಿಕ್ಕ ಡಬ್ಬಿ ಇದೆ. ಅದನ್ನು ಆಮೇಲೆ ತೆಗಿ. ಮೊದಲು ಇದನ್ನು ಪೂರ್ತಿ ಓದು.

ನಿನ್ನಿಷ್ಟದ ಬ್ಯಾಂಡಿನ ಕಾರ್ಯಕ್ರಮಕ್ಕೆ ಟಿಕೆಟ್ ಸಿಕ್ಕಿದ ದಿನ ನೀನು ಬಾಗಿಲಲ್ಲೇ ನಿಂತು ಫೋನ್ ತೋರಿಸಿದೆಯಲ್ಲ, ಆಗ ನಾನು ಜಾಸ್ತಿ ಏನೂ ಮಾತಾಡಲಿಲ್ಲ. "ಹುಷಾರಾಗಿ ಹೋಗಿ ಬಾ" ಅಂದೆ, ಅಷ್ಟೇ. ನಿನ್ನ ಮುಖ ಸ್ವಲ್ಪ ಸಪ್ಪಗಾಯಿತು. ಹೇಳಬೇಕಾದ್ದು ಬೇಕಾದಷ್ಟಿತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ವಯಸ್ಸಿನಲ್ಲಿ ನನಗೂ ಇಷ್ಟದ ಒಂದು ಬ್ಯಾಂಡ್ ಇತ್ತು. ಯಾವುದು ಅಂತ ನಿನಗೆ ಗೊತ್ತು. ಪಾತ್ರೆ ತೊಳೆಯುವಾಗ ಈಗಲೂ ನಾನು ಗುನುಗುವುದು ಅವರ ಹಾಡುಗಳನ್ನೇ. ಆಗ ನನ್ನ ಹತ್ತಿರ ಅವರದ್ದು ಅಂತ ಇದ್ದದ್ದು ಒಂದೇ ಒಂದು ಕ್ಯಾಸೆಟ್. ಅದೂ ಗೆಳತಿಯ ಕ್ಯಾಸೆಟ್ಟಿನಿಂದ ತುಂಬಿಸಿಕೊಂಡದ್ದು. ತಂದ ಎರಡನೇ ದಿನವೇ ಪ್ಲೇಯರ್ ಆ ಟೇಪನ್ನು ನುಂಗಿಬಿಟ್ಟಿತು. ಹಾಡುತ್ತಿದ್ದ ದನಿ ಎಳೆದೆಳೆದು ನಿಂತೇಹೋಯಿತು. ಮುಚ್ಚಳ ತೆಗೆದು ನೋಡಿದರೆ ಕಂದು ಬಣ್ಣದ ಟೇಪ್ ರೋಲರಿಗೆ ಸುತ್ತಿಕೊಂಡು ಕೂತಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಒಂದು ಗೇಣಿನಷ್ಟು ಉದ್ದ ಸುಕ್ಕಾಗಿ, ಮಡಿಕೆ ಬಿದ್ದು, ಯಾವುದಕ್ಕೂ ಬರದ ಹಾಗಾಗಿತ್ತು. ಅಷ್ಟನ್ನೂ ಕತ್ತರಿಸಿ ತೆಗೆದೆ. ಉಳಿದ ಎರಡು ತುದಿ ಸೇರಿಸಿ ಗಮ್ ಟೇಪ್ ಹಚ್ಚಿದೆ. ಪೆನ್ಸಿಲ್ ತೂರಿಸಿ ಸುತ್ತಿದೆ. ಮತ್ತೆ ಹಾಕಿದಾಗ ಕೈ ನಡುಗುತ್ತಿತ್ತು. ಹಾಡಿತು.

ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಗೇಣು ಅಂದರೆ ಹತ್ತಿರ ಹತ್ತಿರ ಐದು ಸೆಕೆಂಡ್. ನನಗೆ ತುಂಬಾ ಇಷ್ಟವಾಗಿದ್ದ ಹಾಡಿನ ಎರಡನೇ ಚರಣ ಮುಗಿಯುವ ಜಾಗದಲ್ಲಿ ಅಷ್ಟು ಹೋಗಿಬಿಟ್ಟಿತು. ದನಿ ಒಂದು ಪದದ ಅರ್ಧಕ್ಕೆ ನಿಂತು, 'ಟಕ್' ಅಂದು, ಮುಂದಿನ ಸಾಲಿನ ನಡುವಿಗೆ ಹಾರುತ್ತಿತ್ತು. ಗೆಳತಿಯ ಮನೆಯವರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಇನ್ನೊಂದು ಕ್ಯಾಸೆಟ್ ಸಿಗಲಿಲ್ಲ. ನಾನು ಆ ಹಾಡನ್ನು ಕಲಿತದ್ದೇ ಹಾಗೆ. ನಾಲ್ಕು ವರ್ಷ ಹಾಗೇ ಹಾಡಿಕೊಂಡೆ, ಆ ಟಕ್ ಸಮೇತ.

ಆಮೇಲೆ ಆ ಬ್ಯಾಂಡಿನವರು ಹಾಡಲು ಬಂದರು. ನಾನು ಹೋದೆ.

ಕಾಯುವುದರ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಅವತ್ತಿನ ಮುಕ್ಕಾಲು ಹೊತ್ತು ಕಾಯುವುದೇ. ಬೇಜಾರು ಮಾಡಿಕೊಳ್ಳಬೇಡ. ಮೊದಲು ಹಾಡುವ ಚಿಕ್ಕ ಬ್ಯಾಂಡಿಗೂ ಕಿವಿ ಕೊಡು, ಅವರಿಗೆ ಕೈ ತಟ್ಟುವವರು ಕಡಿಮೆ. ಆಮೇಲೆ ವೇದಿಕೆಯ ಮೇಲೆ ಕಪ್ಪು ಬಟ್ಟೆ ಹಾಕಿದವರು ಓಡಾಡುತ್ತಾರೆ. ಅವರನ್ನು ನೋಡು. ನಾನು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬ ಮನುಷ್ಯ ಮಂಡಿಯೂರಿ ಕೂತು, ಹಾಡುಗಳ ಪಟ್ಟಿ ಬರೆದ ಹಾಳೆಯನ್ನು ಮೈಕಿನ ಕಾಲ ಹತ್ತಿರ ನೆಲಕ್ಕೆ ಅಂಟಿಸಿದ. ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಎದ್ದು ಗಿಟಾರ್ ಎತ್ತಿಕೊಂಡು ಒಂದೊಂದೇ ತಂತಿ ಮೀಟಿ, ತಲೆ ಬಗ್ಗಿಸಿ ಕೇಳಿ, ಅದರ ಬಿರಡೆ ತಿರುವಿದ. ಸಾವಿರಾರು ಜನ ಕೂಗುತ್ತಿದ್ದಾರೆ, ಅವನಿಗೆ ಮಾತ್ರ ಆ ಆರು ತಂತಿ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ. ಒಂದು ತಂತಿಗೆ ಮೂರು ಸಲ ವಾಪಸ್ ಬಂದ. ನಾನು ಪ್ರೀತಿಸಿದ ಹಾಡುಗಳ ಹಿಂದೆ ಇಂಥ ಕೈಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಾದವರಿಗೇ ಸಿಗುವುದು ಅಂತಲೂ ಒಂದಿರುತ್ತದೆ ಪುಟ್ಟಿ. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಕೊನೆಗೆ ನುಡಿಸಬೇಕಿದ್ದವರು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಮಳೆಯಿಂದ ಎಲ್ಲಾ ತಡವಾಗುತ್ತಾ ಹೋಗಿ, ಭಾನುವಾರ ರಾತ್ರಿ ಬರಬೇಕಾದವರು ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಹೆಚ್ಚಿನ ಜನ ಮನೆ ಕಡೆ ಹೊರಟುಹೋಗಿದ್ದರು. ಉಳಿದವರು ಕೆಸರಿನಲ್ಲಿ ನಿಂತು ಕೇಳಿದರು.

ಆಮೇಲೆ ದೀಪ ಆರುತ್ತದೆ. ಆ ಕ್ಷಣ ಜನ ಕೂಗುವ ಕೂಗು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಮೊದಲ ಡ್ರಮ್ ಏಟು ಬೀಳುತ್ತಲೂ ನನಗೆ ಕೇಳಿಸಿದ್ದಕ್ಕಿಂತ ತಾಗಿದ್ದು ಜಾಸ್ತಿ. ಎದೆಯ ಮೂಳೆಗೆ ಯಾರೋ ಅಂಗೈಯಿಂದ ತಟ್ಟಿದ ಹಾಗೆ. ಅಂಗಿಯ ಬಟ್ಟೆ ಅದುರುತ್ತಿತ್ತು. ಚಿಕ್ಕ ಪ್ಲೇಯರಿನ ಸ್ಪೀಕರ್ ಆ ಕೆಳಗಿನ ದನಿಯನ್ನು ಹೊರಡಿಸಲಾರದು, ಹಾಗಾಗಿ ನಾಲ್ಕು ವರ್ಷ ಕೇಳಿದ ಹಾಡಿನ ತಳವೇ ನನಗೆ ಹೊಸದು.

ನನ್ನ ಹಾಡು ಅರ್ಧ ಕಾರ್ಯಕ್ರಮ ಮುಗಿದ ಮೇಲೆ ಬಂತು. ಶ್ರುತಿ ಸ್ವಲ್ಪ ಇಳಿಸಿದ್ದರು. ರಾತ್ರಿ ರಾತ್ರಿ ಹಾಡುವ ಗಂಟಲು ಉಳಿಯಲಿ ಅಂತ ತುಂಬಾ ಬ್ಯಾಂಡುಗಳು ಹಾಗೆ ಮಾಡುತ್ತವೆ. ಮೊದಲ ಚರಣ ಎಲ್ಲರ ಜೊತೆ ಹಾಡಿದೆ. ಎರಡನೆಯದರ ಕೊನೆ ಬಂತು. ನನ್ನ ಬಾಯಿ ಅಭ್ಯಾಸದಂತೆ ಮುಂದಕ್ಕೆ ಹಾರಿತು. ಸುತ್ತ ಇದ್ದವರ್ಯಾರೂ ಹಾರಲಿಲ್ಲ. ನಾನು ಬಾಯಿ ಮುಚ್ಚಿ ನಿಂತೆ. ಡ್ರಮ್ ನಿಂತಿತು. ಗಿಟಾರ್ ಒಂದೇ, ಮೂರು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಯಿತು. ಹಾಡುವಾತ ಉಸಿರು ಎಳೆದುಕೊಂಡದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಎಲ್ಲಾ ಒಟ್ಟಿಗೆ ಶುರುವಾಯಿತು.

ನಾನು ಕತ್ತರಿಸಿ ಎಸೆದದ್ದು ಇದನ್ನ. ಆ ಐದು ಸೆಕೆಂಡ್ ನಾನು ಮೊದಲ ಸಲ ಸರಿಯಾಗಿ ಕೇಳಿದ್ದು ಅವತ್ತು, ಅವರ ಎದುರಿಗೇ. ಅಳು ಬಂತು. ಪಕ್ಕದಲ್ಲಿದ್ದ ಯಾರೋ ಗುರುತಿಲ್ಲದ ಹುಡುಗಿ ನನ್ನ ಭುಜದ ಮೇಲೆ ಕೈ ಹಾಕಿದಳು. ಅವಳೂ ಅಳುತ್ತಿದ್ದಳು, ಅವಳದ್ದೇ ಏನೋ ಕಾರಣಕ್ಕೆ.

ನಿನ್ನ ಫೋನಿನಲ್ಲಿ ಹಾಡುಗಳು ಇಡಿಯಾಗಿವೆ. ಎಲ್ಲೂ ತೂತಿಲ್ಲ. ಅದಕ್ಕೇ ನಿನಗೆ ಒಂದು ಮಾತು. ನಿನಗೆ ಗೊತ್ತಿರುವ ಹಾಡು ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಕಟ್ಟಿದ್ದು. ಡ್ರಮ್ ಒಂದು ದಿನ, ದನಿ ಇನ್ನೊಂದು ದಿನ. ಹತ್ತು ಸಲ ಹಾಡಿಸಿ ಒಂದೊಂದರಿಂದ ಚೆನ್ನಾಗಿರುವ ಸಾಲು ಆರಿಸಿ ಸೇರಿಸುತ್ತಾರೆ. ಹಿಂದೆಲ್ಲಾ ಅವರೂ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿಯೇ ಈ ಕೆಲಸ ಮಾಡುತ್ತಿದ್ದರು. ನೀನು ಅಲ್ಲಿ ಕೇಳುವುದಕ್ಕೆ ಅಂಥ ಅಂಟು ಇರುವುದಿಲ್ಲ. ಮೇಲಿನ ಸ್ವರದಲ್ಲಿ ದನಿ ಒಡೆಯಬಹುದು. ಒಬ್ಬರೇ ನುಡಿಸುವ ನಿನಗಿಷ್ಟವಾದ ಸೋಲೋ ಬೇರೆ ದಾರಿ ಹಿಡಿಯಬಹುದು. ನಿನ್ನ ಹಾಡನ್ನು ಅವರು ಹಾಡದೆಯೂ ಇರಬಹುದು. "ರೆಕಾರ್ಡಿನಲ್ಲಿ ಇರುವ ಹಾಗಿಲ್ಲ" ಅಂತ ಒಂದು ಕ್ಷಣ ಅನ್ನಿಸಿದರೆ ಅಲ್ಲೇ ಬಿಟ್ಟುಬಿಡು. ಹಿಂದಿನ ಊರುಗಳಲ್ಲಿ ಯಾವ ಹಾಡು ಯಾವಾಗ ಹಾಡಿದರು ಅಂತ ಈಗ ಮೊದಲೇ ತಿಳಿಯಬಹುದಂತೆ. ದಯವಿಟ್ಟು ನೋಡಿಕೊಂಡು ಹೋಗಬೇಡ. ಮುಂದೆ ಯಾವ ಹಾಡು ಅಂತ ಗೊತ್ತಿಲ್ಲದೆ ಮೊದಲ ಎರಡು ಸ್ವರಕ್ಕೇ ಗುರುತು ಹಿಡಿಯುವ ಸುಖ ಇದೆಯಲ್ಲ, ಅದನ್ನು ಕಳೆದುಕೊಳ್ಳಬೇಡ. ಫೋನ್ ಒಂದು ಹಾಡಿಗೆ ಸಾಕು.

ಎಲ್ಲಿ ನಿಲ್ಲಬೇಕು ಅಂತ ನೀನು ಕೇಳಿದ್ದೆ. ಮುಂದೆ ಕಂಬಿಗೆ ಅಂಟಿಕೊಂಡು ನಿಂತರೆ ಅವರ ಮುಖ ಕಾಣುತ್ತದೆ ನಿಜ, ಆದರೆ ದೊಡ್ಡ ಸ್ಪೀಕರಿನ ದನಿ ಎಷ್ಟೋ ಸಲ ತಲೆಯ ಮೇಲೆ ಹಾದುಹೋಗುತ್ತದೆ. ಹಾಡುವ ದನಿ ಸಣ್ಣಗಾಗಿಬಿಡುತ್ತದೆ. ತೀರಾ ಹಿಂದೆ ನಿಂತರೆ ಇನ್ನೊಂದು ವಿಚಿತ್ರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ಆಚೆ ಇರುವವರಿಗೆ ಡ್ರಮ್ಮಿನ ಕೋಲು ಬಿದ್ದದ್ದು ಕಾಣಿಸಿದ ಮೇಲೆ ಸದ್ದು ಬರುತ್ತದೆ. ಮಧ್ಯದಲ್ಲಿ ಸೌಂಡ್ ಮಿಕ್ಸರ್ ಇಟ್ಟುಕೊಂಡು ಒಬ್ಬರು ಕೂತಿರುತ್ತಾರಲ್ಲ, ಅವರ ಸ್ವಲ್ಪ ಮುಂದೆ ನಿಲ್ಲು. ಅವರು ದನಿ ಹದ ಮಾಡುವುದು ತಮ್ಮ ಕಿವಿಗೆ ಕೇಳಿದ ಹಾಗೆ.

ಇಷ್ಟಾದರೂ ಕೇಳಿಸುತ್ತದಲ್ಲ, ಅದೇ ದೊಡ್ಡದು. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಬ್ಯಾಂಡಿನವರು ಹಾಡಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಆ ಕೂಗಿನಲ್ಲಿ ಅವರಿಗೆ ತಮ್ಮ ಹಾಡೇ ಕೇಳಿಸಲಿಲ್ಲ. ಮರುವರ್ಷ ಅವರು ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು.

ಈಗ ಡಬ್ಬಿ ತೆಗಿ.

ಅದರಲ್ಲಿರುವುದು ಕಿವಿಗೆ ಹಾಕುವ ಇಯರ್‌ಪ್ಲಗ್. ಎರಡು ಜೊತೆ ಇದೆ, ಒಂದು ನಿನ್ನ ಗೆಳತಿಗೆ. ಅವತ್ತು ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಸ್ಪೀಕರಿನ ಪಕ್ಕ, ಬಲಗಿವಿ ಅದರ ಕಡೆಗೆ ಮಾಡಿಕೊಂಡು ಎರಡು ಗಂಟೆ ನಿಂತಿದ್ದೆ. ಮನೆಗೆ ಬಂದ ಮೇಲೂ ಗುಂಯ್ ಅನ್ನುತ್ತಿತ್ತು. ನಾಳೆ ಹೋಗುತ್ತದೆ ಅಂದುಕೊಂಡೆ. ಪೂರ್ತಿ ಹೋಗಲೇ ಇಲ್ಲ. ಮನೆ ಸದ್ದಿಲ್ಲದೆ ಇರುವಾಗ ಈಗಲೂ ಕೇಳಿಸುತ್ತದೆ. ಒಂದು ಕಿವಿಯೊಳಗೆ ಶಬ್ದ ಹಿಡಿಯುವ ಕೂದಲಿನಂಥ ಜೀವಕೋಶಗಳು ಸುಮಾರು 15,000 ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಶಬ್ದವನ್ನು ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ. ಆಮೇಲೆ ಪ್ರತಿ 3 ಡೆಸಿಬಲ್ ಏರಿದ ಹಾಗೂ ಆ ಹೊತ್ತು ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ರಾಕ್ ಕಾರ್ಯಕ್ರಮದಲ್ಲಿ ಅಷ್ಟು ಶಬ್ದ ಸಾಮಾನ್ಯ.

ಹಾಕುವುದು ಹೀಗೆ. ಬೆರಳಿನ ನಡುವೆ ಹೊಸೆದು ತೆಳ್ಳಗೆ ಮಾಡು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆ. ಆಗ ಒಳಗೆ ತೂರಿಸಿ, ಅದು ಉಬ್ಬುವ ತನಕ ಬೆರಳು ಒತ್ತಿ ಹಿಡಿ. ಹಾಡು ಸ್ವಲ್ಪ ಮಂದವಾಗುತ್ತದೆ, ಎರಡು ಹಾಡಿನೊಳಗೆ ಒಗ್ಗಿಹೋಗುತ್ತದೆ. ಎದೆಗೆ ತಾಗುವುದು ತಾಗಿಯೇ ತಾಗುತ್ತದೆ. ಮೊದಲ ಹಾಡಿಗೆ ಮುಂಚೆಯೇ ಹಾಕಿಕೋ ಮಗಳೇ.

ಇನ್ನೊಂದು ಹೆದರಿಕೆ ಇದೆ, ಹೇಳದೆ ಇರಲಾರೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ 'ದಿ ಹೂ' (The Who) ಬ್ಯಾಂಡಿನ ಕಾರ್ಯಕ್ರಮಕ್ಕೆ ಬಂದವರಲ್ಲಿ 11 ಜನ ಬಾಗಿಲ ಹತ್ತಿರದ ನೂಕುನುಗ್ಗಲಿನಲ್ಲಿ ಉಸಿರುಕಟ್ಟಿ ಸತ್ತರು. ಎಲ್ಲಾ ಹಾಡು ಕೇಳಲು ಬಂದಿದ್ದ ಎಳೆಯರು. ಬಾಗಿಲು ತೆರೆದ ಕೂಡಲೇ ಓಡಬೇಡ. ಒಳಗೆ ಜನ ಒತ್ತಿದರೆ ಎರಡು ಕೈ ಎದೆಯ ಮುಂದೆ ಮಡಿಸಿ ಹಿಡಿ, ಉಸಿರಾಡಲು ಜಾಗ ಉಳಿಯಬೇಕು. ಒತ್ತಡದ ಎದುರು ನುಗ್ಗಬೇಡ, ಅಡ್ಡಡ್ಡ ಸರಿಯುತ್ತಾ ಅಂಚಿಗೆ ಬಾ. ಯಾರಾದರೂ ಬಿದ್ದರೆ ಎತ್ತು. ನಾನು ಒಂದು ಸಲ ಎಡವಿದಾಗ ನಾಲ್ಕು ಕೈ ಬಂದಿದ್ದವು, ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ.

ಆ ಕ್ಯಾಸೆಟ್ ಬೀರುವಿನ ಮೇಲಿನ ಖಾನೆಯಲ್ಲಿದೆ. ಹಾಕಿ ಕೇಳಲು ಪ್ಲೇಯರ್ ಇಲ್ಲ. ಗಮ್ ಟೇಪ್ ಹಳದಿಯಾಗಿದೆ. ಬೇಕಾದರೆ ತೆಗೆದು ನೋಡು.

ಕಾರ್ಯಕ್ರಮ ಮುಗಿಯುವ ತನಕ ನಾನು ಫೋನ್ ಮಾಡುವುದಿಲ್ಲ, ಆಣೆಗೂ ಮಾಡುವುದಿಲ್ಲ. ಹೊರಗೆ ಬಂದ ಮೇಲೆ ನೀನೇ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಯಾವ ಹಾಡಿನಿಂದ ಶುರು ಮಾಡಿದರು ಅನ್ನುವುದನ್ನು ಮೊದಲು ಹೇಳು. ಎಡಗಿವಿಗೆ ಇಟ್ಟುಕೊಂಡು ಕೇಳುತ್ತೇನೆ.

ನಿನ್ನ,
ಅಮ್ಮ