ಸ್ಕೋರ್ ಏರಿದರೆ ಸಾಲದು, ಮೊಣಕೈ ಬಿಚ್ಚಬೇಕು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ಸ್ಟ್ರೋಕ್ ಆದವರ ಕೈಗೆ ವ್ಯಾಯಾಮ ಕೊಡುವ ಕಂಪ್ಯೂಟರ್ ಗೇಮ್ ಮಾಡುವ ತಂಡ ಸೇರಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ನಾನು ಫಿಸಿಯೋಥೆರಪಿಯಲ್ಲೇ ಜೀವನ ಕಳೆದವಳು. ನಿನಗೆ ಕಂಪ್ಯೂಟರ್ ಗೊತ್ತು, ನನಗೆ ಸ್ವಾಧೀನ ತಪ್ಪಿದ ಕೈ ಗೊತ್ತು. ನೀನು ಕೋಡ್ ಬರೆಯಲು ಕೂರುವ ಮೊದಲೇ ಕೆಲವು ಮಾತು ಹೇಳಿಬಿಡುತ್ತೇನೆ.

ಈ ಕೆಲಸದ ಅಗತ್ಯ ಎಷ್ಟಿದೆ ಅನ್ನುವುದು ಮೊದಲು ಮನಸ್ಸಿಗೆ ಬರಲಿ. ಸ್ಟ್ರೋಕ್ ಆದಾಗ ಕೆಡುವುದು ಕೈಯ ಸ್ನಾಯು ಅಲ್ಲ, ಅದಕ್ಕೆ ಅಪ್ಪಣೆ ಕೊಡುವ ಮೆದುಳಿನ ಭಾಗ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳಬಲ್ಲವು. ಆದರೆ ಅದಕ್ಕೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸಿದಾಗ ಮೆದುಳಿನಲ್ಲಿ ಬದಲಾವಣೆ ಕಂಡಿತು. ಜನರ ವಿಷಯದಲ್ಲಿ ನಡೆಯುತ್ತಿರುವುದು ಬೇರೆ. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಚಿಕಿತ್ಸಾ ಕೋಣೆಗಳಲ್ಲಿ ಕೂತು ಎಣಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಕೈಯಿಂದ ಒಂದು ಕೆಲಸವನ್ನು ನಿಜವಾಗಿ ಮಾಡಿಸುವ ಅಭ್ಯಾಸ ಒಂದು ಸಲದ ಚಿಕಿತ್ಸೆಯಲ್ಲಿ ಸರಾಸರಿ 32 ಬಾರಿ ಮಾತ್ರ ಆಗುತ್ತಿತ್ತು. ಇದು ಥೆರಪಿಸ್ಟರ ಸೋಮಾರಿತನ ಅಂದುಕೊಳ್ಳಬೇಡ. ಬಿಗಿದ ಸ್ನಾಯು ಸಡಿಲಿಸಬೇಕು, ಎಬ್ಬಿಸಬೇಕು, ಕೂರಿಸಬೇಕು, ಧೈರ್ಯ ಹೇಳಬೇಕು. ಹೊತ್ತು ಹೋಗಿಬಿಡುತ್ತದೆ. ಉಳಿದದ್ದನ್ನು ಮನೆಯಲ್ಲಿ ಮಾಡಿ ಅಂತ ಚೀಟಿ ಬರೆದು ಕಳಿಸುತ್ತೇವೆ. ಅದು ಬೇಜಾರಿನ ಕೆಲಸ, ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಆ ಖಾಲಿ ಜಾಗವೇ ನಿನ್ನದು.

ಈಗ ಮುಖ್ಯ ವಿಷಯ. ಗೇಮ್ ಯಾವುದಕ್ಕೆ ಅಂಕ ಕೊಡುತ್ತದೋ ದೇಹ ಅದನ್ನೇ ಕಲಿಯುತ್ತದೆ.

ಸ್ಟ್ರೋಕ್ ಆದವರೊಬ್ಬರ ಮುಂದೆ ಮೇಜಿನ ಮೇಲೆ ಲೋಟ ಇಟ್ಟು, ಹಿಡಿದುಕೊಳ್ಳಿ ಅನ್ನು. ಮೊಣಕೈ ಬಿಚ್ಚುವುದಿಲ್ಲ. ಅದರ ಬದಲು ಹೆಗಲು ಮೇಲಕ್ಕೇರುತ್ತದೆ, ಬೆನ್ನು ಕುರ್ಚಿ ಬಿಟ್ಟು ಮುಂದೆ ಬರುತ್ತದೆ, ಇಡೀ ಮೈ ಲೋಟದ ಕಡೆ ಬಾಗುತ್ತದೆ. ಕೈ ಲೋಟ ಮುಟ್ಟುತ್ತದೆ ನಿಜ. ಆದರೆ ಮುಟ್ಟಿಸಿದ್ದು ಸೊಂಟ. ನಿಮ್ಮ ಕ್ಯಾಮೆರಾ ಬರೀ ಮಣಿಕಟ್ಟನ್ನು ನೋಡುತ್ತಿದ್ದರೆ ಗಂಟೆ ಬಾರಿಸಿ ಹತ್ತು ಅಂಕ ಕೊಡುತ್ತದೆ. ಅವರಿಗೂ ಸಂತೋಷ, ಮನೆಯವರಿಗೂ ಸಂತೋಷ. ದಿನವೂ ಸ್ಕೋರ್ ಏರುತ್ತದೆ. ಆದರೆ ಅವರು ಅಷ್ಟು ದಿನ ಕಲಿತದ್ದು ಬಾಗುವುದನ್ನು. ಮೊಣಕೈ ಮೊದಲ ದಿನ ಹೇಗಿತ್ತೋ ಹಾಗೇ ಇರುತ್ತದೆ. ಕೆಲವರಿಗೆ ಭುಜದ ನೋವು ಬೇರೆ ಅಂಟಿಕೊಳ್ಳುತ್ತದೆ.

ಹಾಗಾಗಿ ಕೈ ಎಲ್ಲಿಗೆ ಮುಟ್ಟಿತು ಅನ್ನುವುದರ ಜೊತೆಗೆ ಎದೆ ಎಷ್ಟು ಮುಂದೆ ಬಂತು, ಎರಡು ಹೆಗಲೂ ಒಂದೇ ಮಟ್ಟದಲ್ಲಿವೆಯಾ, ಮೊಣಕೈಯ ಕೋನ ಎಷ್ಟು ಬಿಚ್ಚಿತು ಅನ್ನುವುದನ್ನೂ ಅಳೆಯಿರಿ. ಮೈ ಬಾಗಿಸದೆ ಅರ್ಧ ದೂರ ಚಾಚಿದವರಿಗೆ, ಬಾಗಿ ಪೂರ್ತಿ ಮುಟ್ಟಿದವರಿಗಿಂತ ಜಾಸ್ತಿ ಅಂಕ ಸಿಗಲಿ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಕೆಲವರ ಮೊಣಕೈ ಇನ್ನು ಹಿಂದಿನಂತೆ ಆಗುವುದೇ ಇಲ್ಲ. ಅವರು ಊಟ ಮಾಡಬೇಕು, ಅಂಗಿ ಹಾಕಬೇಕು. ಅವರಿಗೆ ಬಾಗುವುದೇ ದಾರಿ. ಅಂಥವರಿಗೆ ಗೇಮ್ ಪ್ರತಿ ಸಲ ತಪ್ಪು ತಪ್ಪು ಅಂತ ಕೆಂಪು ದೀಪ ತೋರಿಸಿದರೆ ಅನ್ಯಾಯ ಅಲ್ವಾ? ಇದನ್ನು ಅಲ್ಗಾರಿದಮ್ ತಾನೇ ತೀರ್ಮಾನಿಸಬಾರದು. ಥೆರಪಿಸ್ಟ್ ನೋಡಿ ಗೊತ್ತು ಮಾಡುವ ಹಾಗೆ ಒಂದು ಸೆಟ್ಟಿಂಗ್ ಇಡಿ.

ಕಷ್ಟವನ್ನು ತಾನೇ ಹೊಂದಿಸಿಕೊಳ್ಳುವ ಬುದ್ಧಿ ನಿಮ್ಮ ಗೇಮಿಗೆ ಇರುತ್ತದೆ ಅಂತಲೂ ಕೇಳಿದೆ. ಒಳ್ಳೆಯದೇ. ಸುಲಭವಾದರೆ ಬೇಸರ, ಕಷ್ಟವಾದರೆ ನಿರಾಸೆ. ಆದರೆ ಒಂದು ಅಪಾಯ ಗಮನದಲ್ಲಿರಲಿ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿಯೇ ಇರುತ್ತದೆ, ಮನಸ್ಸು ಆ ಕಡೆ ಹೋಗುವುದಿಲ್ಲ. ತಟ್ಟೆಯ ಎಡ ಅರ್ಧ ಹಾಗೇ ಉಳಿದಿರುತ್ತದೆ. ಇಂಥವರು ನಿನ್ನ ಗೇಮಿನಲ್ಲಿ ಎಡಗಡೆ ಬಂದ ಗುರಿಗಳನ್ನೆಲ್ಲ ಬಿಟ್ಟುಬಿಡುತ್ತಾರೆ. ಆಟಗಾರ ಹೆಚ್ಚು ಗೆಲ್ಲಲಿ ಅಂತ ಲೆಕ್ಕ ಹಾಕುವ ಅಲ್ಗಾರಿದಮ್ ಏನು ಮಾಡುತ್ತದೆ? ನಿಧಾನಕ್ಕೆ ಎಲ್ಲ ಗುರಿಗಳನ್ನೂ ಬಲಕ್ಕೆ ಸರಿಸುತ್ತದೆ. ಅವರು ಎಲ್ಲಿ ನೋಡಲು ಕಲಿಯಬೇಕಿತ್ತೋ ಆ ಜಾಗವನ್ನೇ ಖಾಲಿ ಮಾಡುತ್ತದೆ. ಯಂತ್ರದ ಲೆಕ್ಕ ಸರಿ, ಚಿಕಿತ್ಸೆ ತಲೆಕೆಳಗು. ಗೆಲುವಿನ ಪ್ರಮಾಣ ಒಂದನ್ನೇ ನಂಬಿ ಕಷ್ಟ ಹೊಂದಿಸಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು, ದಣಿವು. ಅಭ್ಯಾಸ ಮಾಡುತ್ತಾ ಹೋದಂತೆ ಕೈ ಸೋಲುತ್ತದೆ, ಕೆಲವರಿಗೆ ಬಿಗಿತ ಏರುತ್ತದೆ. ಆಗ ಲೆವೆಲ್ ಇಳಿಸಲೇಬೇಕು. ಆದರೆ ನಿನ್ನೆ ಐದು, ಇವತ್ತು ಮೂರು ಅಂತ ದೊಡ್ಡ ಅಕ್ಷರದಲ್ಲಿ ತೋರಿಸುವುದು ಬೇಡ. ಗುರಿಯನ್ನು ಸ್ವಲ್ಪ ಹತ್ತಿರ ತಂದರೆ ಸಾಕು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅವರ ಮುಂದೆ ಇಳಿದ ಸಂಖ್ಯೆ ಇಟ್ಟರೆ ಮಾರನೇ ದಿನ ಅವರು ಆ ಯಂತ್ರದ ಹತ್ತಿರ ಬರುವುದಿಲ್ಲ. ಇಳಿಕೆಯ ವಿವರ ಥೆರಪಿಸ್ಟ್‌ಗೆ ಹೋಗಲಿ. ಒಮ್ಮೆಲೇ ಕೈ ಬಲ ಕುಸಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಆಟ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅನ್ನುವ ಸೂಚನೆ ಮೊದಲ ಪರದೆಯಲ್ಲೇ ಇರಲಿ.

ಹಿಂದೆ ನಡೆದದ್ದನ್ನೂ ತಿಳಿದುಕೋ. 2006ರಲ್ಲಿ ಕೈ ಬೀಸಿ ಆಡುವ ನಿಂಟೆಂಡೊ ವೀ ಅನ್ನುವ ಗೇಮ್ ಯಂತ್ರ ಬಂತು, 2010ರಲ್ಲಿ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಬಂತು. ಕೈಯಲ್ಲಿ ಏನೂ ಹಿಡಿಯದೆ ದೇಹದ 20 ಕೀಲುಗಳ ಜಾಗ ಗುರುತಿಸುತ್ತಿತ್ತು ಆ ಕ್ಯಾಮೆರಾ. ನಮ್ಮಂಥವರಿಗೆ ದೊಡ್ಡ ಆಸೆ ಹುಟ್ಟಿತು. ಎಷ್ಟೋ ತಂಡಗಳು ಅದನ್ನೇ ನಂಬಿ ಗೇಮ್ ಕಟ್ಟಿದವು. 2017ರಲ್ಲಿ ಅದರ ತಯಾರಿಕೆ ನಿಂತಿತು. ಒಂದೇ ಉಪಕರಣಕ್ಕೆ ಕಟ್ಟುಬೀಳಬೇಡಿ.

ವೀ ಬಳಸಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಗುಸ್ತಾವೊ ಸಪೋಸ್ನಿಕ್ ಅನ್ನುವ ವೈದ್ಯರ ತಂಡದ್ದು, 2016ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಆದ 141 ಜನ. ಒಂದು ಗುಂಪಿಗೆ ವೀ ಆಟ, ಇನ್ನೊಂದಕ್ಕೆ ಇಸ್ಪೀಟು, ಬಿಂಗೋ, ಮರದ ತುಂಡು ಪೇರಿಸುವ ಜೆಂಗಾ. ಎರಡು ವಾರ ಆದ ಮೇಲೆ ಎರಡೂ ಗುಂಪು ಸುಧಾರಿಸಿದ್ದವು, ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮರುವರ್ಷ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಇಂಥ 72 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದರು. ಅಷ್ಟೇ ಹೊತ್ತಿನ ಮಾಮೂಲಿ ಚಿಕಿತ್ಸೆಗಿಂತ ಗೇಮ್ ಕೈಗೆ ಹೆಚ್ಚು ಒಳ್ಳೆಯದು ಮಾಡಲಿಲ್ಲ. ಮಾಮೂಲಿ ಚಿಕಿತ್ಸೆಯ ಮೇಲೆ ಇದನ್ನೂ ಸೇರಿಸಿ ಒಟ್ಟು ಅಭ್ಯಾಸದ ಹೊತ್ತು ಜಾಸ್ತಿಯಾದಾಗ ಲಾಭ ಇರಬಹುದು ಅಂತ ಕಂಡಿತು.

ಇದನ್ನು ಓದಿ ನೀನು ಕುಗ್ಗಬೇಕಾಗಿಲ್ಲ. ನನಗಂತೂ ಇದು ದಾರಿ ತೋರಿಸುತ್ತದೆ. ವೀ ಮಾಡಿದ್ದು ಮನೆಮಂದಿಯ ಮನರಂಜನೆಗೆ, ಸೊಟ್ಟಗಾದ ಕೈಗೆ ಅಲ್ಲ. ಗುಣ ಬರುವುದು ಅಭ್ಯಾಸದಿಂದ. ನಿಮ್ಮ ಗೇಮ್ ಮನೆಯಲ್ಲಿ ಒಬ್ಬರೇ ಇರುವವರಿಂದ ದಿನಕ್ಕೆ ಇನ್ನೂರು ಮುನ್ನೂರು ಒಳ್ಳೆಯ ಚಲನೆ ಮಾಡಿಸಿದರೆ ಅದೇ ದೊಡ್ಡದು. ಅದನ್ನೇ ಗುರಿಯಾಗಿ ಹೇಳಿಕೊಳ್ಳಿ. ಥೆರಪಿಸ್ಟ್ ಬೇಕಿಲ್ಲ ಅಂತ ಜಾಹೀರಾತು ಬರೆಯಲು ಯಾರಾದರೂ ಕೇಳಿದರೆ ಒಪ್ಪಬೇಡ. ಚಿಕಿತ್ಸೆ ಅಂತ ಕರೆಯಬೇಕಾದರೆ ಸಾಬೀತು ಮಾಡಬೇಕು. ಗಮನದ ಕೊರತೆ ಇರುವ 8ರಿಂದ 12 ವರ್ಷದ ಮಕ್ಕಳಿಗಾಗಿ ಮಾಡಿದ ಒಂದು ವಿಡಿಯೋ ಗೇಮಿಗೆ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅದೂ ಮಕ್ಕಳ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ ನೋಡಿದ ಮೇಲೆ. ನಿಮ್ಮ ಫಲಿತಾಂಶವನ್ನು ಗೇಮಿನ ಸ್ಕೋರಿನಲ್ಲಿ ತೋರಿಸಬೇಡಿ. ಸ್ಟ್ರೋಕ್ ಆದ ಮೇಲೆ ಚಲನೆ ಎಷ್ಟು ಮರಳಿದೆ ಅಂತ ಅಳೆಯಲು 1975ರಿಂದ ಫ್ಯೂಗಲ್-ಮೇಯರ್ ಅನ್ನುವ ಪರೀಕ್ಷೆ ಇದೆ, ಕೈಗೆ 66 ಅಂಕ. ಅದನ್ನು ಹೊರಗಿನ ಥೆರಪಿಸ್ಟ್ ಮಾಡಲಿ. ಅಂಗಿಯ ಗುಂಡಿ ಹಾಕಲು ಬಂತಾ ಅಂತಲೂ ಕೇಳಿ.

ಗೇಮ್ ಅಂದರೆ ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸುಟ್ಟ ಗಾಯದವರಿಗೆ ಹಿಮಲೋಕದ ಆಟ ಮಾಡಿದರು. ಗಾಯ ತೊಳೆಯುವಾಗ ಮನಸ್ಸು ಬೇರೆ ಕಡೆ ಹೋದರೆ ನೋವು ಕಡಿಮೆ ಅನ್ನಿಸುತ್ತದೆ. ನಿಮ್ಮ ಆಟ ಅದರ ಉಲ್ಟಾ. ಮನಸ್ಸು ಕೈಯ ಮೇಲೇ ಇರಬೇಕು. ಪರದೆ ತುಂಬ ಬಣ್ಣ, ಪಟಾಕಿ, ಹಾಡು ತುಂಬಿದರೆ ಅದು ಸುಮ್ನೆ ಅಡ್ಡಿ. ಆಡುವವರು ಹೆಚ್ಚಿನವರು ಹಿರಿಯರು, ಅವರನ್ನು ಮಗುವಿನಂತೆ ರಮಿಸಬೇಡಿ. ಕೆಲವರಿಗೆ ಓದಿದ್ದು ಅರ್ಥವಾಗುವುದೂ ನಿಂತಿರುತ್ತದೆ. ಸೂಚನೆಯನ್ನು ಬರೆಯುವ ಬದಲು ಮಾಡಿ ತೋರಿಸಿ.

ಫೋನಿನ ಕ್ಯಾಮೆರಾದಿಂದ ಕೀಲು ಗುರುತಿಸುವ ಮಾಡೆಲ್‌ಗಳು ಹೆಚ್ಚಾಗಿ ಕಲಿತದ್ದು ಆರೋಗ್ಯವಂತರ ಚಿತ್ರಗಳಿಂದ. ಮುಷ್ಟಿ ಕಟ್ಟಿಕೊಂಡೇ ಇರುವ ಕೈ, ಗಾಲಿಕುರ್ಚಿ, ಹಿಂದೆ ನಿಂತು ಭುಜ ಹಿಡಿದ ಮಗನ ಕೈ, ಇವನ್ನೆಲ್ಲ ಇಟ್ಟು ಪರೀಕ್ಷೆ ಮಾಡಿ. ಮಗನ ಕೈಯನ್ನೇ ರೋಗಿಯ ಕೈ ಅಂತ ಎಣಿಸಿಬಿಟ್ಟರೆ ಎಲ್ಲ ಲೆಕ್ಕವೂ ಹಾಳು. ವಿಡಿಯೋ ಮನೆಯ ಒಳಗಿನದು. ಲೆಕ್ಕ ಆ ಫೋನಿನಲ್ಲೇ ಮುಗಿಯಲಿ, ಕೀಲುಗಳ ಅಂಕಿ ಮಾತ್ರ ಹೊರಗೆ ಹೋಗಲಿ.

ಕೊನೆಗೆ ನನ್ನದೊಂದು ಕೋರಿಕೆ. ಕೋಡ್ ಶುರು ಮಾಡುವ ಮೊದಲು ಒಪ್ಪಿಗೆ ಪಡೆದು ಒಂದು ಚಿಕಿತ್ಸಾ ಕೋಣೆಯಲ್ಲಿ ಕೆಲವು ವಾರ ಕೂತು ನೋಡು. ಮೊದಲ ಮಾದರಿ ಸಿದ್ಧವಾದಾಗ ನನಗೂ ಕಳಿಸು. ಎದೆ ಮುಂದೆ ಬಂದದ್ದನ್ನು ಯಾವ ಬಿಂದುವಿನಿಂದ ಅಳೆಯುತ್ತೀರಿ, ಎಷ್ಟು ಬಾಗಿದರೆ ಅಂಕ ಕಡಿಮೆಯಾಗುತ್ತದೆ ಅನ್ನುವುದನ್ನು ಬರೆದು ಕಳಿಸು. ನಾನೇ ಬಾಗಿ, ಹೆಗಲು ಏರಿಸಿ, ಬೇಕಂತಲೇ ತಪ್ಪಾಗಿ ಆಡಿ ನೋಡುತ್ತೇನೆ. ಅಂಕ ಸಿಕ್ಕಿಬಿಟ್ಟರೆ ಅದೇ ದಿನ ಫೋನ್ ಮಾಡುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ