ಬಿಯರ್ ಸಾಲಲಿಲ್ಲವೆಂದು ನಾವು ದೂರಿದ್ದಲ್ಲ

ಗೆ,
ಪ್ರಧಾನ ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಪ್ರಧಾನ ಕಚೇರಿ, ಬೆಂಗಳೂರು

ಇಂದ,
ಸಂಚಾಲಕರು, ಲಾರಿ ಮಾಲೀಕರ ಪ್ರವಾಸಿ ತಂಡ, ಬಳ್ಳಾರಿ

ವಿಷಯ: ಚೀನಾದ ಚಿಂಗ್ಡಾವೊ ಬಿಯರ್ ಉತ್ಸವದ ಬಸ್ ಪ್ರವಾಸದಲ್ಲಿ ಉತ್ಸವವನ್ನೇ ತೋರಿಸದಿರುವುದು ಹಾಗೂ ಆ ಕುರಿತ ದೂರನ್ನು ಅವಮಾನವಾಗುವಂತೆ ಮುಚ್ಚಿ ಹಾಕಿರುವುದು.

ಮಾನ್ಯರೇ,

ನಿಮ್ಮ ಗ್ರಾಹಕ ಸೇವಾ ವಿಭಾಗದಿಂದ ಮೊನ್ನೆ ಬಂದ ಇ-ಮೇಲ್‌ನಲ್ಲಿ ನಮ್ಮ ದೂರಿನ ಸಾರಾಂಶವನ್ನು ಒಂದೇ ಸಾಲಿಗೆ ಇಳಿಸಲಾಗಿದೆ: "ಗ್ರಾಹಕರು ಬಿಯರ್ ಪ್ರಮಾಣದ ಬಗ್ಗೆ ಅತೃಪ್ತರು." ಅದರ ಕೆಳಗೆ, ದೂರು ಮುಕ್ತಾಯಗೊಂಡಿದೆ ಎಂದಿದೆ. ಅದರ ಕೆಳಗೆ, ಮುಂದಿನ ಪ್ರವಾಸಕ್ಕೆ ತಲಾ 2,000 ರೂಪಾಯಿ ರಿಯಾಯಿತಿ ಎಂದಿದೆ. ಫೋನಿನಲ್ಲೇ ಮಾತಾಡಿ ಮುಗಿಸಿಕೊಳ್ಳೋಣ ಎಂದು ಇಷ್ಟು ದಿನ ತಡೆದುಕೊಂಡಿದ್ದೆ. ಈ ಸಾಲು ಓದಿದ ಮೇಲೆ ಕಾಗದದಲ್ಲಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸುವುದೇ ಸರಿ ಎನ್ನಿಸಿತು. ಸಂಯಮದಿಂದ ಬರೆಯುತ್ತೇನೆ ಎಂದು ತಂಡದವರಿಗೆ ಮಾತು ಕೊಟ್ಟಿದ್ದೇನೆ.

ನಾವು ಯಾರು ಎಂಬುದು ನಿಮ್ಮ ಕಡತದಲ್ಲಿ ಇದ್ದಂತಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೆ ನಮ್ಮ ಗಾಡಿಗಳು ಸಂಡೂರಿನ ಗಣಿಗಳಿಂದ ಬಂದರುಗಳಿಗೆ ಅದಿರು ಹೊತ್ತವು. ಹಡಗು ಹತ್ತಿದ ಆ ಮಣ್ಣು ಹೋಗುತ್ತಿದ್ದದ್ದು ಹೆಚ್ಚಾಗಿ ಚೀನಾಕ್ಕೆ. ಕಬ್ಬಿಣದ ಅದಿರಿಗೆ ಇವತ್ತಿಗೂ ಜಗತ್ತು ದರ ಹೇಳುವುದು ಹೆಚ್ಚಾಗಿ ಚಿಂಗ್ಡಾವೊ ಬಂದರಿಗೆ ತಲುಪಿಸಿದ ಲೆಕ್ಕದಲ್ಲಿ. ಆ ಹೆಸರು ಕೇಳುತ್ತಲೇ ನಮ್ಮ ಕೂದಲು ನರೆತಿದೆ. ನಮ್ಮ ಮಣ್ಣು ಹೋಗಿ ಬಿದ್ದ ಬಂದರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ತಂಡದ ಹಳೆಯ ಆಸೆ. ಅದೇ ಊರಿನ ಕಡಲ ದಂಡೆಯಲ್ಲಿ, 1991ರಲ್ಲಿ ಶುರುವಾದ ಒಂದು ದೊಡ್ಡ ಬಿಯರ್ ಉತ್ಸವ ಬೇಸಿಗೆಯಲ್ಲಿ ನಡೆಯುತ್ತದೆ ಎಂಬುದು ಆ ಆಸೆಯನ್ನು ಕುಗ್ಗಿಸಲಿಲ್ಲ ಎಂಬುದೂ ನಿಜ.

ನಿಮ್ಮ ಬಣ್ಣದ ಕೈಪಿಡಿಯಲ್ಲಿ ಹೀಗಿತ್ತು: ಬೀಜಿಂಗ್‌ನಿಂದ ಬಸ್ಸಿನಲ್ಲಿ ಜಿನಾನ್ ಮಾರ್ಗವಾಗಿ ಚಿಂಗ್ಡಾವೊ, ಜಿಯಾವ್‌ಝೌ ಕೊಲ್ಲಿಯ ಸೇತುವೆಯ ಮೇಲೆ ಪ್ರಯಾಣ, ಬಂದರಿನ ನೋಟ, ಪಶ್ಚಿಮ ದಂಡೆಯ ಚಿನ್ನದ ಮರಳಿನ ಕಡಲತೀರದಲ್ಲಿ ಎರಡು ಸಂಜೆ ಉತ್ಸವ. ಅದರ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ಕಾರ್ಯಕ್ರಮ ಬದಲಾದರೆ ಲಿಖಿತವಾಗಿ ತಿಳಿಸುತ್ತೇವೆ, ಸಮಾನ ಮೌಲ್ಯದ ಬದಲಿ ಏರ್ಪಾಡು ಮಾಡುತ್ತೇವೆ, ಆಗದಿದ್ದರೆ ಆ ಭಾಗದ ಹಣ ಹಿಂದಿರುಗಿಸುತ್ತೇವೆ ಎಂದಿದೆ. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತದೆ ಎಂದು ಅದನ್ನು ಇಲ್ಲಿ ಪೂರ್ತಿ ಉದ್ಧರಿಸುವುದಿಲ್ಲ.

ಬಸ್ಸಿನ ವಿಚಾರದಲ್ಲಿ ಕಾಲ ಕಳೆಯುವುದಿಲ್ಲ. ಹೇಳಿದ್ದಕ್ಕಿಂತ ಚಿಕ್ಕ ಬಸ್ಸು, ಓಡಾಡುವ ದಾರಿಯಲ್ಲಿ ಪೆಟ್ಟಿಗೆಗಳು, ಜಿನಾನ್ ದಾಟಿದ ಮೇಲೆ ಕೈಕೊಟ್ಟ ಎ.ಸಿ. ಬಳ್ಳಾರಿಯವರಿಗೆ ಸೆಖೆ ಹೊಸದಲ್ಲ, ಸಹಿಸಿದೆವು. ಸಸ್ಯಾಹಾರದ ಊಟ ಎಂದು ಬರೆದಿದ್ದ ಕಡೆಯೆಲ್ಲ ನಾವು ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿಯೇ ನಿಮ್ಮ ಸಂಸ್ಥೆಯ ಮಾನ ಕಾಪಾಡಿತು.

ಉತ್ಸವದ ದಿನ ನಿಮ್ಮ ಪ್ರವಾಸ ವ್ಯವಸ್ಥಾಪಕರು ನಮ್ಮನ್ನು ಡೆಂಗ್‌ಝೌ ರಸ್ತೆಯ ಹಳೆಯ ಇಟ್ಟಿಗೆ ಕಟ್ಟಡದ ಮುಂದೆ ಇಳಿಸಿ "ಬಂದೆವು" ಎಂದರು. ಅದು ಬಿಯರ್ ವಸ್ತುಸಂಗ್ರಹಾಲಯ. ಊರು ಜರ್ಮನರ ಕೈಯಲ್ಲಿದ್ದಾಗ, 1903ರಲ್ಲಿ, ಶುರುವಾದ ಕಾರ್ಖಾನೆ ಅದು. ನೂರು ವರ್ಷ ತುಂಬಿದಾಗ ಅಲ್ಲಿ ವಸ್ತುಸಂಗ್ರಹಾಲಯ ತೆರೆದರು. ಹಳೆಯ ಕೊಳಾಯಿ, ಹಳೆಯ ಪೀಪಾಯಿ, ಹಳೆಯ ಬಾಟಲಿ ಎಲ್ಲವನ್ನೂ ನೋಡಿದೆವು. ಅದನ್ನು ಕಟ್ಟಿದವರ ಮೇಲೆ ನಮ್ಮ ತಕರಾರಿಲ್ಲ. ಕೊನೆಗೆ ಒಂದು ಸಣ್ಣ ಲೋಟ ಬಿಯರ್, ಒಂದು ಪೊಟ್ಟಣ ಶೇಂಗಾ ಕೊಟ್ಟರು. ಶೇಂಗಾ ತಿನ್ನಲು ಬಳ್ಳಾರಿಯಿಂದ ಚೀನಾಕ್ಕೆ ಹೋಗಬೇಕಾಗಿರಲಿಲ್ಲ.

"ಉತ್ಸವ ಎಲ್ಲಿ?" ಎಂದು ಕೇಳಿದೆವು. "ಇದೇ" ಎಂದರು. ಸ್ಥಳೀಯ ಮಾರ್ಗದರ್ಶಿ ಹುಡುಗಿ ಪಾಪ, ಸುಳ್ಳು ಹೇಳಲು ಬರದವಳು, ಉತ್ಸವ ಕೊಲ್ಲಿಯ ಆಚೆ ದಡದಲ್ಲಿ ನಡೆಯುತ್ತಿದೆ ಎಂದು ಕೈ ತೋರಿಸಿದಳು. ಆಚೆ ದಡಕ್ಕೆ ಹೋಗಲು 2011ರಲ್ಲೇ ಸೇತುವೆಯೂ ಆಗಿದೆ, ಸಮುದ್ರದ ಕೆಳಗೆ ಸುರಂಗವೂ ಆಗಿದೆ. ಆಗ ನಿಮ್ಮ ವ್ಯವಸ್ಥಾಪಕರು, ಚಾಲಕನ ಕೆಲಸದ ಗಂಟೆ ಮುಗಿದಿದೆ ಎಂದರು. ಸ್ವಾಮಿ, ಚಾಲಕರ ಗಂಟೆಯ ಲೆಕ್ಕವನ್ನು ಲಾರಿ ಮಾಲೀಕರಿಗೆ ಹೇಳಬೇಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ದಿನಕ್ಕೆ 8 ಗಂಟೆಯ ಮಿತಿಯೊಂದಿಗೆ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಆ ಚಾಲಕ ಅಂದು ಬಸ್ಸು ಓಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಮುತ್ತಿನ ಅಂಗಡಿಯ ಮುಂದೆ ನಿದ್ದೆ ಮಾಡಿದ್ದ. ಕೈಪಿಡಿಯಲ್ಲಿ ಹೆಸರೇ ಇಲ್ಲದ ಆ ಅಂಗಡಿಗೆ ಮಾತ್ರ ನಿಮ್ಮ ಬಸ್ಸಿಗೆ ಗಂಟೆಗಟ್ಟಲೆ ಬಿಡುವಿತ್ತು.

ಮರುದಿನದ ಸಂಜೆಯೂ ಹಾಗೆಯೇ ಹೋಯಿತು. ಬಂದರು ಕಾಣಲಿಲ್ಲ, ಸೇತುವೆ ಹತ್ತಲಿಲ್ಲ. ಆ ಊರಿನ ಬೀದಿಯಲ್ಲಿ ಬಿಯರನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ವೇಬ್ರಿಡ್ಜ್ ಮುಂದೆ ಜೀವನ ಕಳೆದ ನಮ್ಮವರು ತಕ್ಕಡಿಯ ಮೇಲೆ ಕಣ್ಣಿಟ್ಟೇ ನಿಂತಿದ್ದರು. ತೂಕದಲ್ಲಿ ಒಂದು ಗ್ರಾಂ ಮೋಸವಿರಲಿಲ್ಲ. ಮೋಸವಿದ್ದದ್ದು ಬೆಂಗಳೂರಿನಲ್ಲಿ ಅಚ್ಚಾದ ಕಾಗದದಲ್ಲಿ.

ಊರಿಗೆ ಬಂದು ಫೋನ್ ಮಾಡಿದಾಗಲೆಲ್ಲ "ಶಾಖೆಗೆ ಹೋಗಿ" ಎಂದಿರಿ. ಹೋದೆ. ಸೋಮವಾರ, ಹನ್ನೊಂದರ ಹೊತ್ತು. ಅಂದು ಕಾಶಿ ಯಾತ್ರೆಯ ಬುಕಿಂಗ್ ತೆರೆದಿದ್ದರಿಂದ ಕಚೇರಿ ತುಂಬಿತ್ತು. ಗೋಡೆಯ ಪಕ್ಕದ ಸೋಫಾದಲ್ಲಿ ನಮ್ಮ ಬೀಗರು, ಬೀಗಿತಿ ಆಧಾರ್ ನಕಲು ಹಿಡಿದು ಕುಳಿತಿದ್ದರು. ನಮಸ್ಕರಿಸಿದೆ. "ಚೀನಾ ಹೇಗಿತ್ತು?" ಎಂದು ಬೀಗರು ಕೇಳಿದರು. "ದೊಡ್ಡ ದೇಶ" ಎಂದೆ.

ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ, "ಅಂಕಲ್, ಯಾವ ಪ್ಯಾಕೇಜು?" ಎಂದರು. "ಚೀನಾ" ಎಂದೆ. "ಚೀನಾದಲ್ಲಿ ಯಾವುದು?" ನಾನು ಬಾಯಿ ಬಿಡದೆ ರಸೀದಿಯನ್ನು ಮುಂದೆ ತಳ್ಳಿ ಬುಕಿಂಗ್ ಸಂಖ್ಯೆಯ ಮೇಲೆ ಬೆರಳಿಟ್ಟೆ. ಅವರು ಅದನ್ನು ಓದಿದರು. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು. ಒಳಗಿನ ಕೋಣೆಯ ಕಡೆಗೆ ಕೂಗಿದರು: "ಸರ್, ಬಿಯರ್ ಪಾರ್ಟಿಯವರು ಬಂದಿದ್ದಾರೆ!"

"ಯಾವ ಬಿಯರ್?" ಎಂದು ಒಳಗಿನಿಂದ.

"ಚೀನಾ ಬಿಯರ್!"

ಕಚೇರಿಯಲ್ಲಿ ಪ್ರಿಂಟರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ತಗ್ಗಿದ ದನಿಯಲ್ಲಿ, "ತಮ್ಮಾ, ಬಂದರು, ಸೇತುವೆ, ಉತ್ಸವ, ಮೂರನ್ನೂ ತೋರಿಸಿಲ್ಲ" ಎಂದೆ. ಅವರಿಗೆ ತಗ್ಗಿದ ದನಿಯ ಅಭ್ಯಾಸವಿಲ್ಲ. "ಬಿಯರ್ ಕೊಟ್ಟಿದ್ದಾರೆ ತಾನೇ, ಅಂಕಲ್?"

"ಪ್ರಶ್ನೆ ಅದಲ್ಲ."

"ಕೊಟ್ಟಿದ್ದಾರೋ ಇಲ್ಲವೋ ಹೇಳಿ. ಕಂಪ್ಯೂಟರಿನಲ್ಲಿ ಎರಡೇ ಉತ್ತರ ಇರುವುದು."

"ಕೊಟ್ಟಿದ್ದಾರೆ."

"ಎಷ್ಟು?"

"ಒಂದು ಸಣ್ಣ ಲೋಟ."

"ಇನ್ನೂ ಎಷ್ಟು ಬೇಕಾಗಿತ್ತು?"

ಬೀಗಿತಿ ಸೆರಗು ಸರಿಪಡಿಸಿಕೊಂಡು ಗೋಡೆಯ ಮೇಲಿನ ವಿಶ್ವನಾಥನ ಚಿತ್ರದ ಕಡೆ ತಿರುಗಿದರು. ಬೀಗರಿಗೆ ತಮ್ಮ ಆಧಾರ್ ನಕಲಿನಲ್ಲಿ ಓದುವಂಥದ್ದೇನೋ ಸಿಕ್ಕಿತು. ನಿಮ್ಮ ಸಿಬ್ಬಂದಿ ಒಂದು ಬೆರಳಿನಿಂದ ಏನನ್ನೋ ಟೈಪ್ ಮಾಡಿ "ದೂರು ದಾಖಲಾಯಿತು, ಅಂಕಲ್" ಎಂದರು. ಏನು ದಾಖಲಾಯಿತು ಎಂಬುದು ನಿಮ್ಮ ಇ-ಮೇಲ್ ಬಂದ ಮೇಲೆ ತಿಳಿಯಿತು. ನನ್ನ ಮಗಳು ಆ ಮನೆಯಲ್ಲಿ ಬಾಳಬೇಕು ಎಂಬುದಕ್ಕೆ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಜಾಗವಿರಲಿಕ್ಕಿಲ್ಲ.

ಇನ್ನೊಂದು ವಿಷಯ. ಪ್ರವಾಸದ ಹಣದ ಜೊತೆಗೆ ಟಿ.ಸಿ.ಎಸ್. ಎಂದು ತೆರಿಗೆ ವಸೂಲಿ ಮಾಡಿದ್ದೀರಿ. ತಂಡದ ಕೆಲವರ 26ಎಎಸ್ ಎಂಬ ತೆರಿಗೆ ಜಮೆ ಪಟ್ಟಿಯಲ್ಲಿ ಅದು ಇಂದಿಗೂ ಕಾಣುತ್ತಿಲ್ಲ. ಅದು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಹಣ. ಕಟ್ಟಿದ್ದರೆ ಪ್ರಮಾಣಪತ್ರ ಕೊಡಿ. ಕಟ್ಟದಿದ್ದರೆ ಆ ಮಾತನ್ನು ಆದಾಯ ತೆರಿಗೆಯವರಿಗೇ ಹೇಳಿ.

ತೋರಿಸದೆ ಬಿಟ್ಟ ಕಾರ್ಯಕ್ರಮಗಳ ಹಣ, ಮತ್ತು ಆ ಒಂದು ಸಾಲನ್ನು ಕಡತದಿಂದ ತೆಗೆದಿದ್ದೇವೆ ಎಂಬ ಲಿಖಿತ ಕ್ಷಮಾಪಣೆ ನಮಗೆ ಬೇಕು. ರಿಯಾಯಿತಿಯ 2,000 ರೂಪಾಯಿಯನ್ನು ನೀವೇ ಇಟ್ಟುಕೊಳ್ಳಿ, ಮುತ್ತು ಕೊಳ್ಳಲು ಬರುತ್ತದೆ. ವ್ಯಾಜ್ಯವೇನಿದ್ದರೂ ಬೆಂಗಳೂರಿನ ನ್ಯಾಯಾಲಯದಲ್ಲೇ ಎಂದು ರಸೀದಿಯ ಹಿಂದೆ ಅಚ್ಚು ಮಾಡಿಸಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಬಿಡುತ್ತದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತಂಡದ ಪ್ರತಿಯೊಬ್ಬರೂ ಬಳ್ಳಾರಿಯ ಜಿಲ್ಲಾ ಆಯೋಗದಲ್ಲಿ ಬೇರೆ ಬೇರೆಯಾಗಿ ದೂರು ಕೊಡುತ್ತೇವೆ. ನಿಮ್ಮ ವಕೀಲರು ಹಂಪಿ ಎಕ್ಸ್‌ಪ್ರೆಸ್ ರೈಲಿಗೆ ಈಗಲೇ ಸೀಟು ಕಾದಿರಿಸಿಕೊಳ್ಳಲಿ.

ಅದು ಕಾನೂನಿನ ದಾರಿ, ನಿಧಾನ. ನಮ್ಮ ಲಾರಿಗಳು ಅಷ್ಟು ನಿಧಾನವಲ್ಲ. ಬೆಂಗಳೂರು, ಮಂಗಳೂರು, ಚೆನ್ನೈ, ಹೈದರಾಬಾದ್ ರಸ್ತೆಗಳಲ್ಲಿ ಹಗಲೂ ರಾತ್ರಿ ಓಡುತ್ತವೆ. ಹಿಂಬದಿಯ ಹಲಗೆಯಲ್ಲಿ "ಹಾರ್ನ್ ಪ್ಲೀಸ್" ಕೆಳಗೆ ಸಾಕಷ್ಟು ಜಾಗವಿದೆ. ಪೇಂಟರನ್ನು ವಿಚಾರಿಸಿದ್ದೇವೆ, ಅಕ್ಷರದ ಲೆಕ್ಕದಲ್ಲಿ ಕೂಲಿ ಕೇಳುತ್ತಾನೆ. ನಿಮ್ಮ ಸಂಸ್ಥೆಯ ಹೆಸರು ಉದ್ದವಾಯಿತು ಎಂದ. ಖರ್ಚಿನ ಯೋಚನೆ ಬೇಡ, ಪೂರ್ತಿ ಹೆಸರನ್ನೇ ಬರೆ ಎಂದಿದ್ದೇವೆ.

ಇಂತಿ,
ತಂಡದ ಸಂಚಾಲಕ, ಬಳ್ಳಾರಿ