ಬ್ಯಾಂಕಿನಲ್ಲಿರುವ ಕ್ರೆಡಿಟ್ ಕಾಲೇಜಿನಲ್ಲೂ ಚಲಾವಣೆಯಾಗಲಿ

ಮಾನ್ಯ ಸಂಪಾದಕರೇ,

ಸಿಇಟಿ ರ್‍ಯಾಂಕ್ ಬಂದವರ ಫೋಟೊ ಮುಖಪುಟದಲ್ಲಿ ಬರುತ್ತದೆ. ಪಿಯುಸಿ ಫಲಿತಾಂಶಕ್ಕೆ ಇಡೀ ಪುಟ ಹೋಗುತ್ತದೆ. ಬೇಡ ಅನ್ನುವುದಿಲ್ಲ. ಆದರೆ ಐಟಿಐ ಮುಗಿಸಿ ಡಿಪ್ಲೊಮಾಗೆ ಬರುವವರು, ಡಿಪ್ಲೊಮಾ ಮುಗಿಸಿ ಬಿಇಗೆ ಹೋಗುವವರು, ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಡಿಗ್ರಿ ಅರ್ಧಕ್ಕೆ ಬಿಟ್ಟು ಈಗ ಇನ್ನೊಂದು ಊರಲ್ಲಿ ಮುಂದುವರಿಸೋಣ ಅಂತ ಕಾಲೇಜಿನ ಬಾಗಿಲಿಗೆ ಬರುವವರು, ಇವರ ಸುದ್ದಿ ಮಾತ್ರ ಎಲ್ಲೂ ಕಾಣುವುದಿಲ್ಲ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ವಿಭಾಗದ ಮೇಷ್ಟ್ರು. ನಮ್ಮಲ್ಲಿ ಓದಿದವರಲ್ಲಿ ತುಂಬಾ ಜನ ಇಂಥ ದಾರಿಯಲ್ಲೇ ಮುಂದೆ ಹೋಗುವವರು. ಹಾಗಾಗಿ ಈ ಪತ್ರ.

ಹೇಳಬೇಕಾದ್ದು ಒಂದೇ. ಬೇರೆ ಕಡೆ ಓದಿ ಬಂದ ವಿದ್ಯಾರ್ಥಿಗೆ ಯಾವ ವಿಷಯವನ್ನು ಮತ್ತೆ ಓದಿ ಬರೆಯುವುದರಿಂದ ವಿನಾಯಿತಿ ಸಿಗುತ್ತದೆ, ಯಾವುದರಲ್ಲಿ ಸಿಗುವುದಿಲ್ಲ ಅನ್ನುವುದನ್ನು ಫೀಸ್ ಕಟ್ಟಿಸಿಕೊಳ್ಳುವ ಮೊದಲೇ ಬರೆದು ಕೊಡಬೇಕು. ಸಿಗುವುದಿಲ್ಲ ಅಂದರೆ ಕಾರಣವನ್ನೂ ಬರೆಯಬೇಕು. ಅಷ್ಟೇ.

ಇದಕ್ಕೆಲ್ಲ ವ್ಯವಸ್ಥೆ ಆಗಲೇ ಇದೆಯಲ್ಲ ಅಂತ ಕೇಳಬಹುದು. ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ 2021ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮವೇ ಬಂತು. ಕ್ರೆಡಿಟ್ ಅಂದರೆ ಒಂದು ವಿಷಯದಲ್ಲಿ ಎಷ್ಟು ಕಲಿಕೆ ಆಯಿತು ಅನ್ನುವ ಅಳತೆ. ವಿದ್ಯಾರ್ಥಿಗೊಂದು ಖಾತೆ, ಡಿಜಿಲಾಕರ್ ಜೊತೆ ಜೋಡಣೆ, ಈಗ ಅದಕ್ಕೆ ಅಪಾರ್ ಐಡಿ ಅನ್ನುವ ಹನ್ನೆರಡು ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ. ಪಾಸಾದ ವಿಷಯಗಳ ಕ್ರೆಡಿಟ್ ಅಲ್ಲಿ ಜಮೆ ಆಗುತ್ತದೆ, ಹೆಚ್ಚೆಂದರೆ ಏಳು ವರ್ಷ ಇರುತ್ತದೆ. ಡಿಗ್ರಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿದ್ದರೆ ಉಳಿದದ್ದು ಬೇರೆ ಕಡೆಯದ್ದಾದರೂ ನಡೆಯುತ್ತದೆ ಅನ್ನುವುದು ನಿಯಮ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಆದರೆ ಜಮೆ ಆಗುವುದು ಬೇರೆ, ಚಲಾವಣೆ ಆಗುವುದು ಬೇರೆ ಅಲ್ವಾ? ಖಾತೆಯಲ್ಲಿ 40 ಕ್ರೆಡಿಟ್ ಇದೆ ಅಂತ ಹುಡುಗಿ ಮೊಬೈಲ್ ತೋರಿಸುತ್ತಾಳೆ, ಕೌಂಟರ್‌ನಲ್ಲಿರುವವರು "ಅದೆಲ್ಲ ಇರಲಿ, ಸಿಲೆಬಸ್ ತಂದಿದ್ದೀರಾ" ಅಂತ ಕೇಳುತ್ತಾರೆ. ಬ್ಯಾಂಕಲ್ಲಿ ದುಡ್ಡಿದ್ದೂ ಅಂಗಡಿಯವನು ನೋಟು ತಗೊಳ್ಳಲ್ಲ ಅಂದ ಹಾಗೆ. ಎಷ್ಟು ಕ್ರೆಡಿಟ್ ಅನ್ನುವ ಲೆಕ್ಕ ಖಾತೆಯಲ್ಲಿದೆ. ಆ ಕ್ರೆಡಿಟ್ ತಮ್ಮಲ್ಲಿನ ಯಾವ ಪೇಪರಿಗೆ ಸಮ ಅನ್ನುವ ತೀರ್ಮಾನ ಮಾತ್ರ ಸೇರಿಸಿಕೊಳ್ಳುವ ಕಾಲೇಜಿನ ಕೈಯಲ್ಲೇ ಉಳಿದಿದೆ. ಇಡೀ ತೊಂದರೆ ಕೂತಿರುವುದು ಅಲ್ಲೇ.

ಆ ತೀರ್ಮಾನ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಮೊದಲು ಹಳೇ ಕಾಲೇಜಿನಿಂದ ಟಿಸಿ, ಹಳೇ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್. ಆಮೇಲೆ ಹೊಸ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಸರ್ಟಿಫಿಕೇಟ್. ಇದರ ಜೊತೆ ಓದಿದ ಪ್ರತಿ ವಿಷಯದ ಸಿಲೆಬಸ್ ಜೆರಾಕ್ಸ್, ಪ್ರತಿ ಹಾಳೆಯ ಮೇಲೂ ಹಳೇ ಕಾಲೇಜಿನ ಪ್ರಿನ್ಸಿಪಾಲರ ಸೀಲು, ಸಹಿ. ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಹೀಗೆ ಒಂದು ದಪ್ಪ ಫೈಲು ಮಾಡಿಕೊಂಡು ಹೋಗಿದ್ದ. ಒಂದು ಹಾಳೆಗೆ ಸೀಲು ಬಿದ್ದಿರಲಿಲ್ಲ, ಅದಕ್ಕೇ ಇಡೀ ಫೈಲು ವಾಪಸ್. ಆ ಸಿಲೆಬಸ್ಸು ತಾಂತ್ರಿಕ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲೇ ಎಲ್ಲರಿಗೂ ಕಾಣುವ ಹಾಗಿತ್ತು. ಯಾರು ಬೇಕಾದರೂ ಕೂತಲ್ಲೇ ತೆಗೆದು ನೋಡಬಹುದಿತ್ತು, ನೋಡಲಿಲ್ಲ. ಫೈಲು ಸರಿಯಾದ ಮೇಲೆ ಅದು ಎರಡೂ ಕಡೆಯ ಸಿಲೆಬಸ್ ಸಮಾನವೇ ಅಂತ ನೋಡುವ ಸಮಿತಿಗೆ ಹೋಗುತ್ತದೆ. ಸಮಿತಿ ಯಾವಾಗ ಸೇರುತ್ತದೋ ಅದು ಅವರ ಇಷ್ಟ. ಅಷ್ಟರಲ್ಲಿ ಕ್ಲಾಸು ಶುರುವಾಗಿರುತ್ತದೆ, ಫೀಸು ಕಟ್ಟಿಯಾಗಿರುತ್ತದೆ, ಟಿಸಿ ಹಳೇ ಕಾಲೇಜಿನಿಂದ ಆಚೆ ಬಂದಾಗಿರುತ್ತದೆ. ಇಷ್ಟೆಲ್ಲ ಆದ ಮೇಲೆ "ನಿಮಗೆ ಈ ನಾಲ್ಕು ಪೇಪರ್ ಮತ್ತೆ ಬರೆಯಬೇಕು" ಅಂತ ಬಾಯಿಮಾತಲ್ಲಿ ಹೇಳಿದರೆ ಹುಡುಗ ಎಲ್ಲಿಗೆ ಹೋಗಬೇಕು? ಹಿಂದಕ್ಕೆ ಹೋಗುವ ಹಾಗಿಲ್ಲ, ಮುಂದಕ್ಕೆ ಹೋಗಲು ದಾರಿ ಇಲ್ಲ.

ಇನ್ನು ಡಿಪ್ಲೊಮಾದ್ದು. ಇಲ್ಲಿ ದಾರಿ ಹಳೆಯದು, ಗಟ್ಟಿಯಾದದ್ದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ. ಒಟ್ಟು ಆರು ವರ್ಷ. ಪಿಯುಸಿ ಓದಿ ಬಿಇ ಮಾಡಿದರೂ ಅದೇ ಆರು ವರ್ಷ. ಎರಡು ವರ್ಷದ ಐಟಿಐ ಮಾಡಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿ ಅಲ್ಲಿಂದ ಬಿಇಗೆ ಹೋದವನಿಗೆ ಮಾತ್ರ ಏಳು. ಒಂದು ವರ್ಷ ಜಾಸ್ತಿ, ಆದರೂ ಐಟಿಐನಲ್ಲಿ ಕೈಗೆ ಎಣ್ಣೆ ಗ್ರೀಸು ಮೆತ್ತಿಕೊಂಡ ಹುಡುಗ ಎಂಜಿನಿಯರ್ ಆಗಬಹುದು ಅನ್ನುವುದು ಸಣ್ಣ ಮಾತಲ್ಲ. ಈ ದಾರಿ ಮಾಡಿಟ್ಟವರಿಗೆ ನಾನು ಯಾವಾಗಲೂ ಮನಸ್ಸಲ್ಲೇ ಕೈ ಮುಗಿಯುತ್ತೇನೆ.

ತಕರಾರು ಏನೆಂದರೆ, ಇಲ್ಲಿ ವರ್ಷ ಎಣಿಸುತ್ತೇವೆಯೇ ಹೊರತು ಕಲಿತದ್ದನ್ನು ಎಣಿಸುವುದಿಲ್ಲ. ನನ್ನದೇ ವಿಷಯ ತಗೊಳ್ಳಿ, ಸರ್ವೇಯಿಂಗ್, ಅಂದರೆ ಭೂಮಾಪನ. ನಮ್ಮ ಹುಡುಗರು ಬಿಸಿಲಲ್ಲಿ ಟ್ರೈಪಾಡ್ ನೆಟ್ಟು, ನೆಲದ ಏರುತಗ್ಗು ಅಳೆಯುವ ಲೆವೆಲ್ ಅನ್ನುವ ಉಪಕರಣ ಕೂರಿಸಿ, ಫೂಟ್ ಸ್ಕ್ರೂ ತಿರುಗಿಸಿ ತಿರುಗಿಸಿ ಬಬಲ್ ನಡುವಿಗೆ ತಂದು, ಸ್ಟಾಫ್ (ಅಳತೆಗೋಲು) ರೀಡಿಂಗ್ ತೆಗೆದು, ಫೀಲ್ಡ್ ಬುಕ್ಕಿನಲ್ಲಿ ಬರೆದು, ಕೊನೆಗೆ ಲೆಕ್ಕ ತಾಳೆಯಾಗದೆ ಇದ್ದರೆ ಮತ್ತೆ ಮೊದಲಿಂದ ಶುರುಮಾಡಿ ಕಲಿತವರು. ದೂರ, ಕೋನ ಎರಡನ್ನೂ ಅಳೆಯುವ ಎಲೆಕ್ಟ್ರಾನಿಕ್ ಉಪಕರಣ ಟೋಟಲ್ ಸ್ಟೇಷನ್ನಿನಲ್ಲೂ ಕೆಲಸ ಮಾಡಿರುತ್ತಾರೆ. ಇವರು ಬಿಇ ಎರಡನೇ ವರ್ಷಕ್ಕೆ ಹೋದರೆ ಮತ್ತೆ ಸರ್ವೇಯಿಂಗ್, ಮತ್ತೆ ಅದೇ ಬಬಲ್. ಲ್ಯಾಬಿನಲ್ಲಿ ಪಿಯುಸಿಯಿಂದ ಬಂದ ಗೆಳೆಯರಿಗೆ ಇವರೇ ಹೇಳಿಕೊಡುತ್ತಿರುತ್ತಾರೆ. ಕಂಪ್ಯೂಟರ್ ಸೈನ್ಸಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಅನ್ನುವ ವಿಷಯದ ಕಥೆಯೂ ಇದೇ.

ಆದರೆ ಇವರಿಗೆ ಬಿಟ್ಟುಕೊಟ್ಟದ್ದು ಯಾವ ವರ್ಷ ನೋಡಿ. ಮೊದಲ ವರ್ಷ. ಎಂಜಿನಿಯರಿಂಗ್ ಗಣಿತದ ಬುನಾದಿ ಹಾಕುವ ವರ್ಷ ಅದು. ಡಿಪ್ಲೊಮಾದವರು ಸಾಮಾನ್ಯವಾಗಿ ಹಿಂದೆ ಬೀಳುವುದೇ ಗಣಿತದಲ್ಲಿ. ಅಂದರೆ ಗೊತ್ತಿಲ್ಲದ್ದಕ್ಕೆ ವಿನಾಯಿತಿ, ಗೊತ್ತಿರುವುದಕ್ಕೆ ಮರುಪಾಠ! ಇದು ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುಗೆ ಗೊತ್ತಿಲ್ಲ ಅಂತಲ್ಲ. ಅದಕ್ಕೇ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಬಂದವರಿಗೆ ಹೆಚ್ಚುವರಿ ಗಣಿತದ ಪೇಪರ್ ಇಟ್ಟುಕೊಂಡು ಬಂದಿದ್ದಾರೆ, ಕ್ರೆಡಿಟ್ ಇಲ್ಲ ಆದರೆ ಪಾಸಾಗಲೇಬೇಕು ಅನ್ನುವ ಬಗೆಯದ್ದು. ಒಳ್ಳೆಯದೇ. ಆದರೆ ಆ ಪೇಪರಿಗೆ ಸಮಯ ಎಲ್ಲಿಂದ ತರಬೇಕು? ಸರ್ವೇಯಿಂಗ್ ಕ್ಲಾಸಿನಲ್ಲಿ ಆಕಳಿಸುತ್ತಾ ಕೂರುವ ಗಂಟೆಗಳನ್ನು ಅವನಿಗೇ ಬಿಟ್ಟುಕೊಟ್ಟು, ಆ ಹೊತ್ತಲ್ಲಿ ಗಣಿತ ಹೇಳಿಕೊಟ್ಟರೆ ಎರಡೂ ಕೆಲಸ ಆಗುತ್ತದೆ. ವಿಷಯವಾರು ಕ್ರೆಡಿಟ್ ವರ್ಗಾವಣೆ ಇದ್ದರೆ ಆಗುವುದು ಇಂಥದ್ದು.

ಆನ್‌ಲೈನ್ ಕೋರ್ಸ್ ಮಾಡಿದವರ ಪಾಡೂ ಇದೇ. ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ 'ಸ್ವಯಂ' ಮೂಲಕ ಮಾಡುವ ಕೋರ್ಸ್‌ಗಳಿಂದ ಒಂದು ಸೆಮಿಸ್ಟರಿನ ಶೇ 20ರಷ್ಟು ತಗೊಳ್ಳಬಹುದು ಅಂತ 2016ರಲ್ಲಿ ಇದ್ದದ್ದನ್ನು 2021ರಲ್ಲಿ ಶೇ 40ಕ್ಕೆ ಏರಿಸಿದರು. ಐಐಟಿ, ಐಐಎಸ್ಸಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿಗೆ ಮೂರು ಕ್ರೆಡಿಟ್ ಅನ್ನುವ ಲೆಕ್ಕವೂ ಇದೆ. ಮಕ್ಕಳು ವಾರಕ್ಕೊಂದು ಅಸೈನ್‌ಮೆಂಟ್ ಮಾಡಿ, ದುಡ್ಡು ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಬರುತ್ತಾರೆ. ಆಮೇಲೆ ಕಾಲೇಜಿನವರು "ಈ ಕೋರ್ಸು ನಮ್ಮ ಪಟ್ಟಿಯಲ್ಲಿ ಇಲ್ಲ" ಅನ್ನುತ್ತಾರೆ. ಪಟ್ಟಿ ಎಲ್ಲಿದೆ ಅಂದರೆ ಇನ್ನೂ ಮಾಡುತ್ತಿದ್ದಾರೆ.

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕು ಬೇರೆ ಸೇರಿಕೊಂಡಿದೆ. 2021-22ರಲ್ಲಿ ದೇಶದಲ್ಲೇ ಮೊದಲು ಅಂತ ಹೊಸ ಶಿಕ್ಷಣ ನೀತಿ ತಂದೆವು, ನಾಲ್ಕು ವರ್ಷದ ಆನರ್ಸ್ ಮಾಡಿದೆವು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ಆಮೇಲೆ ವಾಪಸ್ ಬನ್ನಿ ಅಂದೆವು. 2024-25ಕ್ಕೆ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು. ಯಾವುದು ಸರಿ ಯಾವುದು ತಪ್ಪು ಅನ್ನುವ ರಾಜಕೀಯಕ್ಕೆ ನಾನು ಹೋಗುವುದಿಲ್ಲ, ಅದಕ್ಕೆ ನಿಮ್ಮ ಸಂಪಾದಕೀಯ ಪುಟ ಇದ್ದೇ ಇದೆ. ನನ್ನ ಪ್ರಶ್ನೆ ಸರಳ. ಮೊದಲ ವರ್ಷ ಮುಗಿಸಿ ಸರ್ಟಿಫಿಕೇಟ್ ಹಿಡಿದು ಹೋದವಳು ಏಳು ವರ್ಷದ ಗಡುವಿನೊಳಗೆ ವಾಪಸ್ ಬಂದರೆ ಅವಳನ್ನು ಯಾವ ಸಿಲೆಬಸ್ಸಿಗೆ ಸೇರಿಸುತ್ತೀರಿ? ಆಗ ಓದಿದ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಂಡ ವಿಷಯ) ಈಗಿನ ಯಾವುದಕ್ಕೆ ಸಮ? ಯಾವುದಾದರೂ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇದಕ್ಕೆ ಉತ್ತರ ಅಂಟಿಸಿದ್ದರೆ ದಯವಿಟ್ಟು ಹೇಳಿ, ಹೋಗಿ ನೋಡಿಬರುತ್ತೇನೆ.

ಹೊರದೇಶದಲ್ಲಿ ಎಲ್ಲ ಸರಿಯಿದೆ ಅಂತ ಹೇಳಲು ಹೊರಟಿಲ್ಲ. ಅಮೆರಿಕದಲ್ಲಿ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2017ರಲ್ಲಿ ವರದಿ ಕೊಟ್ಟಿತ್ತು. ಕಾಲೇಜು ಬದಲಾಯಿಸಿದ ವಿದ್ಯಾರ್ಥಿಗಳು ತಮ್ಮ ಕ್ರೆಡಿಟ್‌ಗಳಲ್ಲಿ ಅಂದಾಜು ಶೇ 43ರಷ್ಟನ್ನು ಕಳೆದುಕೊಳ್ಳುತ್ತಿದ್ದರಂತೆ. ಹತ್ತಿರ ಹತ್ತಿರ ಅರ್ಧ! ಅಂದರೆ ಕ್ರೆಡಿಟ್ ಪದ್ಧತಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅಲ್ಲೇ ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಕಾನೂನು ಮಾಡಿ, ಎರಡು ವರ್ಷದ ಕಮ್ಯೂನಿಟಿ ಕಾಲೇಜಿನಲ್ಲಿ ಇಂತಿಂಥ ವಿಷಯ ಓದಿದರೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಖಾತ್ರಿ ಅಂತ ಮೊದಲೇ ಗೊತ್ತುಮಾಡಿದರು. ಆಸ್ಟ್ರೇಲಿಯಾದ ಅರ್ಹತಾ ಚೌಕಟ್ಟಿನಲ್ಲಿ ಡಿಪ್ಲೊಮಾದಿಂದ ಅದಕ್ಕೆ ಹೊಂದುವ ಮೂರು ವರ್ಷದ ಡಿಗ್ರಿಗೆ ಹೋದರೆ ಶೇ 33, ಅಡ್ವಾನ್ಸ್ಡ್ ಡಿಪ್ಲೊಮಾದಿಂದ ಹೋದರೆ ಶೇ 50 ಕ್ರೆಡಿಟ್ ಅನ್ನುವ ಅಳತೆ ಬರೆದಿಟ್ಟಿದ್ದಾರೆ, ಮಾತುಕತೆ ಅಲ್ಲಿಂದ ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯುರೋಪಿನದು. 1997ರ ಲಿಸ್ಬನ್ ಒಪ್ಪಂದದಲ್ಲಿ ಒಂದು ಮಾತಿದೆ. ಬೇರೆ ದೇಶದಲ್ಲಿ ಓದಿದ್ದನ್ನು ಒಪ್ಪಿಕೊಳ್ಳಬೇಕು, ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ ಅಂತ ತೋರಿಸಿದರೆ ಮಾತ್ರ ಬೇಡ ಅನ್ನಬಹುದು, ತೋರಿಸುವ ಹೊಣೆ ಬೇಡ ಅನ್ನುವವರದ್ದು. ನಮ್ಮಲ್ಲಿ ಪೂರ್ತಿ ಉಲ್ಟಾ. ತಾನು ಓದಿದ್ದು ಸರಿಸಮ ಅಂತ ಹುಡುಗನೇ ಸೀಲು ಹಾಕಿಸಿಕೊಂಡು ಸಾಬೀತು ಮಾಡಬೇಕು, ಆಮೇಲೂ ಆಗಲ್ಲ ಅಂದರೆ ಕಾರಣ ಕೇಳುವ ಹಾಗಿಲ್ಲ.

ವಿಶ್ವವಿದ್ಯಾಲಯದವರ ಅಳುಕು ನನಗೆ ಅರ್ಥವಾಗುತ್ತದೆ. ಎಲ್ಲ ಕಡೆಯ ಪಾಠವೂ ಒಂದೇ ಮಟ್ಟದ್ದಲ್ಲ. ಹಾಜರಿ ಇಲ್ಲದೆ, ಲ್ಯಾಬ್ ಇಲ್ಲದೆ ಬರೀ ಅಂಕಪಟ್ಟಿ ಕೊಡುವ ಜಾಗಗಳೂ ಇವೆ, ನಾಳೆ ಡಿಗ್ರಿಯ ಮೇಲೆ ಹೆಸರು ಇರುವುದು ಇವರದ್ದು. ಸರಿ, ಅನುಮಾನ ಇದ್ದರೆ ಒಂದು ಸಣ್ಣ ಪರೀಕ್ಷೆ ಇಡಿ. ಸರ್ವೇಯಿಂಗ್ ಬರುತ್ತದೆ ಅಂದವನ ಕೈಗೆ ಲೆವೆಲ್ ಕೊಟ್ಟು ಮೈದಾನಕ್ಕೆ ಕಳಿಸಿ, ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಪ್ರತಿ ಹಾಳೆಯ ಸೀಲಿನಿಂದ ಯಾರ ಮಟ್ಟವೂ ಗೊತ್ತಾಗುವುದಿಲ್ಲ, ಪ್ರಿನ್ಸಿಪಾಲರ ಇಂಕ್ ಪ್ಯಾಡ್ ಹೇಗಿದೆ ಅಂತ ಗೊತ್ತಾಗಬಹುದು.

ಇದು ಆಗದ ಕೆಲಸವೂ ಅಲ್ಲ. ಡಿಪ್ಲೊಮಾಗೆ ರಾಜ್ಯದಲ್ಲಿ ತಾಂತ್ರಿಕ ಶಿಕ್ಷಣ ಇಲಾಖೆಯ ಸಿಲೆಬಸ್ಸಿದೆ. ಬಿಇಗೆ ವಿಟಿಯು ಸಿಲೆಬಸ್ಸಿದೆ. ಪ್ರತಿ ಬ್ರಾಂಚಿಗೂ ಎರಡೂ ಕಡೆಯ ನಾಲ್ಕು ನಾಲ್ಕು ಮೇಷ್ಟ್ರುಗಳನ್ನು ಕೂರಿಸಿದರೆ ಯಾವ ಪೇಪರಿಗೆ ಯಾವುದು ಸಮ ಅನ್ನುವ ಪಟ್ಟಿ ತಯಾರಾಗುತ್ತದೆ. ಸ್ವಾಯತ್ತ ಕಾಲೇಜುಗಳದ್ದು ಸ್ವಲ್ಪ ಬೇರೆ, ಅವರವರ ಸಿಲೆಬಸ್ಸಿಗೆ ಅವರವರೇ ಪಟ್ಟಿ ಹಾಕಲಿ. ಬಿಎ, ಬಿಕಾಂ, ಬಿಎಸ್ಸಿಯದ್ದು ಇದಕ್ಕಿಂತ ತಲೆನೋವಿನ ಕೆಲಸ, ವಿಶ್ವವಿದ್ಯಾಲಯಗಳು ಜಾಸ್ತಿ, ವಿಷಯಗಳೂ ಜಾಸ್ತಿ. ಅದನ್ನು ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಕೈಗೆತ್ತಿಕೊಳ್ಳಬಹುದು. ಸಿಲೆಬಸ್ ಬದಲಾದಾಗ ಪಟ್ಟಿಯನ್ನೂ ಬದಲಾಯಿಸಲಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅರ್ಜಿ ಬಂದರೆ ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಲಿ, ಉತ್ತರ ಬರದಿದ್ದರೆ ಒಪ್ಪಿದ ಹಾಗೆ ಅಂತ ನಿಯಮ ಮಾಡಲಿ. ಈ ಕೊನೇ ಮಾತು ಕೇಳಿದರೆ ನಮ್ಮ ಆಫೀಸಿನವರೇ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಗೊತ್ತು. ಆದರೆ ಇದೊಂದು ಇಲ್ಲದೆ ಉಳಿದದ್ದು ಯಾವುದೂ ನಡೆಯುವುದಿಲ್ಲ.

ಅಲ್ಲಿಯವರೆಗೆ ಕಾಲೇಜು ಬದಲಾಯಿಸಲು ಹೊರಟವರಿಗೆ ನಾನು ಹೇಳುವುದು ಇಷ್ಟು. ಹೊಸ ಕಡೆ ಮಾತು ಪಕ್ಕಾ ಆಗುವ ತನಕ ಹಳೇ ಕಾಲೇಜಿನಿಂದ ಟಿಸಿ ತೆಗೆಯಬೇಡಿ. ಯಾವ ವಿಷಯಕ್ಕೆ ವಿನಾಯಿತಿ, ಯಾವುದು ಮತ್ತೆ ಬರೆಯಬೇಕು ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ. ಕ್ರೆಡಿಟ್ ಖಾತೆ ತೆರೆದು ಅಂಕಗಳು ನಿಜವಾಗಿ ಅಪ್‌ಲೋಡ್ ಆಗಿವೆಯಾ ನೋಡಿ, ಐಡಿ ಇದ್ದರೂ ಖಾತೆ ಖಾಲಿ ಇರುವುದುಂಟು. ಓದಿದ ವರ್ಷದ ಸಿಲೆಬಸ್ ಪಿಡಿಎಫ್ ಇವತ್ತೇ ಇಳಿಸಿ ಇಟ್ಟುಕೊಳ್ಳಿ, ಹೊಸ ಸಿಲೆಬಸ್ ಬಂದ ಮೇಲೆ ಹಳೆಯದು ವೆಬ್‌ಸೈಟಿನಲ್ಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಸೀಲು ಹಾಕಿಸುವಾಗ ಹಾಳೆ ಹಾಳೆಯನ್ನೂ ಎಣಿಸಿ ನೋಡಿಕೊಳ್ಳಿ.

ಇತಿ,
ಒಬ್ಬ ಪಾಲಿಟೆಕ್ನಿಕ್ ಉಪನ್ಯಾಸಕ